ಪಿಗ್ಮಿಯಿಂದ ಮಲ್ಲಿಗೆಯವರೆಗೆ: ಕೇಸ್ ಸ್ಟಡಿ ಕಲಿಸುವವರಿಗೆ 7 ಸೂತ್ರಗಳು

ಬೆಳ್ಮಣ್‌ನಿಂದ ಕಾರ್ಕಳದ ಕಡೆ ಹೊರಟರೆ ನಿಟ್ಟೆಯ ಕಾಲೇಜುಗಳು. ಉಡುಪಿ ದಾಟಿದರೆ ಮಣಿಪಾಲ, ಅಲ್ಲಿ ಟಿ.ಎ. ಪೈ ಅವರು 1980ರಲ್ಲಿ ಕಟ್ಟಿದ ಮ್ಯಾನೇಜ್‌ಮೆಂಟ್ ಸಂಸ್ಥೆ ಟ್ಯಾಪ್ಮಿ. ಬಿಬಿಎ, ಎಂಬಿಎ ಓದುವ ಮಕ್ಕಳಿಗೆ ಇಲ್ಲಿ ಬರವಿಲ್ಲ. ಆದರೆ ಎಷ್ಟೋ ತರಗತಿಗಳಲ್ಲಿ ಕೇಸ್ ಸ್ಟಡಿ ಎಂದರೆ ನಾಲ್ಕು ಪುಟ ಓದಿ, ಕೊನೆಯ ಪ್ರಶ್ನೆಗೆ ಉತ್ತರ ಬರೆದು, ಅಂಕ ಎಣಿಸುವ ಕೆಲಸ. ಮಕ್ಕಳು ಸ್ವಂತವಾಗಿ ಯೋಚಿಸಬೇಕು ಎನ್ನುವ ಅಧ್ಯಾಪಕರಿಗಾಗಿ ಈ ಮಾತುಗಳು.

1. ಊರಿನ ಕೇಸಿನಿಂದ ಶುರುಮಾಡಿ.
ಕೇಸ್ ಸ್ಟಡಿ ಪದ್ಧತಿ ಬೇರೂರಿದ್ದು ಹಾರ್ವರ್ಡ್‌ನಲ್ಲಿ, 1920ರ ದಶಕದಲ್ಲಿ. ಹಾಗೆಂದು ಕೇಸುಗಳೂ ಅಲ್ಲಿಂದಲೇ ಬರಬೇಕಿಲ್ಲ. ನೋಕಿಯಾ, ಕೊಡಾಕ್ ಯಾಕೆ ಸೋತವು ಎಂದು ಕೇಳಿ ನೋಡಿ, ಉತ್ತರ ಮೊಬೈಲಿನಲ್ಲಿ ಸಿದ್ಧವಾಗಿರುತ್ತದೆ. ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತು, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್. ಕೇಸುಗಳನ್ನು ಇಲ್ಲಿಂದಲೇ ಆರಿಸಿ.

2. ತೀರ್ಮಾನಕ್ಕೆ ಮೊದಲೇ ಕಥೆ ನಿಲ್ಲಿಸಿ.
ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ (ದಿನವೂ ಮನೆಬಾಗಿಲಲ್ಲಿ ಸಂಗ್ರಹಿಸುವ ಸಣ್ಣ ಠೇವಣಿ) ದೊಡ್ಡ ಯಶಸ್ಸು ಎಂದು ಮೊದಲೇ ಹೇಳಿಬಿಟ್ಟರೆ ಯೋಚಿಸಲು ಏನೂ ಉಳಿಯುವುದಿಲ್ಲ. ಮಕ್ಕಳನ್ನು 1928ಕ್ಕೆ ಕರೆದೊಯ್ದು ಅಲ್ಲೇ ನಿಲ್ಲಿಸಿ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕಿಗೆ ಆಗಿನ್ನೂ ಮೂರು ವರ್ಷ. ಕೈಮಗ್ಗ ನೆಲಕಚ್ಚಿದೆ, ಸಣ್ಣ ಗಳಿಕೆಯವರು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸೋಣ ಎಂಬ ಸಲಹೆ ಮೇಜಿನ ಮೇಲಿದೆ. ಒಪ್ಪುತ್ತೀರಾ?

ಈಗ ಲೆಕ್ಕ ಹಾಕಿಸಿ. 30 ದಿನಕ್ಕೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ಅಷ್ಟು ಹಣಕ್ಕಾಗಿ ಒಬ್ಬ ಮನುಷ್ಯ ಒಂದೇ ಬಾಗಿಲಿಗೆ 30 ಸಲ ನಡೆಯಬೇಕು. ಅವನಿಗೆ ಕಮಿಷನ್ ಎಷ್ಟು? ಠೇವಣಿದಾರನಿಗೆ ಬಡ್ಡಿ ಎಷ್ಟು? ದಾರಿಯಲ್ಲಿ ಹಣ ಕಳೆದರೆ ಯಾರ ತಲೆಗೆ? ತರಗತಿ ಎರಡು ಪಾಳಯವಾದರೆ ಪಾಠ ನಡೆಯುತ್ತಿದೆ ಎಂದೇ ತಿಳಿಯಿರಿ.

3. ‘ನನಗನಿಸುತ್ತದೆ’ ಎಂದವರಿಗೆ ‘ಯಾವ ಆಧಾರದಿಂದ?’ ಎಂದು ಕೇಳಿ.
ಪ್ರತಿ ಸಲವೂ ಕೇಳಿ. ನಿಮ್ಮ ಅಭಿಪ್ರಾಯಕ್ಕೂ ಅದೇ ಪ್ರಶ್ನೆ ಕೇಳಲು ಬಿಡಿ.

4. ಗೆದ್ದ ಕಥೆಯಲ್ಲಿ ಕಾಣದವರನ್ನು ಹುಡುಕಿಸಿ.
ಬಿಸಿಲಲ್ಲಿ ನಡೆದು ಹಣ ತಂದ ಪಿಗ್ಮಿ ಕಲೆಕ್ಟರ್ ಬ್ಯಾಂಕಿನ ನೌಕರನೋ, ಬರೀ ಕಮಿಷನ್ ಏಜೆಂಟನೋ? ಈ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಅವರು ಕಾರ್ಮಿಕರೇ ಎಂದು 2001ರಲ್ಲಿ ತೀರ್ಪು ಬಂತು. ಇಷ್ಟನ್ನು ಎರಡನೇ ದಿನ ತಿಳಿಸಿ, ಮೊದಲ ದಿನದ ಲೆಕ್ಕವನ್ನು ಮತ್ತೆ ಮಾಡಿಸಿ. ಹೊಸ ಸಂಗತಿ ಬಂದಾಗ ಹಳೆಯ ನಿಲುವನ್ನು ಸಂಕೋಚವಿಲ್ಲದೆ ಬದಲಿಸಲು ಕಲಿಯುವುದು ಇಲ್ಲೇ. ನನ್ನ ಮಟ್ಟಿಗೆ ಇಡೀ ಕೋರ್ಸಿನಲ್ಲಿ ಇದಕ್ಕಿಂತ ಮುಖ್ಯವಾದ ಗಂಟೆ ಇನ್ನೊಂದಿಲ್ಲ.

5. ತರಗತಿಯಿಂದ ಹೊರಗೆ ಕಳಿಸಿ.
ಮಲ್ಲಿಗೆ ಬೆಳೆಯುವ ಶಂಕರಪುರ ದೂರವಿಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೆ ಏರಿಳಿಯುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ನಾಳೆ ಮಾರೋಣವೆಂದು ಇಟ್ಟುಕೊಳ್ಳಲಾಗದ ಬೆಳೆಗಾರ್ತಿಗೆ ದರದಲ್ಲಿ ಎಷ್ಟು ಮಾತಿದೆ? ಪುಸ್ತಕದ ಬೇಡಿಕೆ–ಪೂರೈಕೆ ರೇಖೆ ಎಲ್ಲಿ ಸರಿ, ಎಲ್ಲಿ ಸಾಲದು? ಹೂ ಕಟ್ಟುವ ಅಂಗಳದಲ್ಲಿ ಕೂತು ಅಕ್ಕಂದಿರನ್ನೇ ಕೇಳಿ ಬರಲಿ.

6. ಕನ್ನಡದಲ್ಲೋ ತುಳುವಿನಲ್ಲೋ ವಾದ ಮಾಡಲು ಬಿಡಿ.
ಹಿಂದಿನ ಬೆಂಚಿನ ಮೌನವನ್ನು ದಡ್ಡತನವೆಂದು ಎಣಿಸಬೇಡಿ; ಹೆಚ್ಚಿನ ಸಲ ಅದು ಇಂಗ್ಲಿಷಿನ ಅಂಜಿಕೆ. ಮೊದಲು ಐದು ನಿಮಿಷ ಬರೆಯಲಿ, ಪಕ್ಕದವರ ಜೊತೆ ಮನೆಮಾತಿನಲ್ಲಿ ಚರ್ಚಿಸಲಿ. ಇಂಗ್ಲಿಷ್ ಆಮೇಲೆ ಬರುತ್ತದೆ.

7. ಅಂಕ ಕೊಡುವುದು ಕಾರಣಕ್ಕೆ.
ಎದುರುಬದುರು ಉತ್ತರ ಬರೆದ ಇಬ್ಬರಿಗೂ ಪೂರ್ಣಾಂಕ ಸಿಗುವಂತಿರಲಿ. ಕೊನೆಗೆ ಒಂದು ಪ್ರಶ್ನೆ ಸೇರಿಸಿ: ಯಾವ ಸಂಗತಿ ತಿಳಿದರೆ ನಿಮ್ಮ ತೀರ್ಮಾನ ಬದಲಾದೀತು?

ಬರುವ ಸೆಮಿಸ್ಟರಿಗೆ ಕಾರ್ಕಳದ ಗೇರುಬೀಜ ಕಾರ್ಖಾನೆಗಳಿವೆ, ನಂದಿಕೂರಿನ ಉಷ್ಣ ವಿದ್ಯುತ್ ಸ್ಥಾವರವಿದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಅದರಿಂದ ಉಡುಪಿಯ ಸಣ್ಣ ಠೇವಣಿದಾರನಿಗೆ ಲಾಭವಾಯಿತೇ, ನಷ್ಟವಾಯಿತೇ? ಈ ಕೇಸನ್ನು ನಿಮ್ಮ ವಿದ್ಯಾರ್ಥಿಗಳ ಕೈಯಲ್ಲೇ ಬರೆಸಿ.