ಅಕ್ಕಿ ಹಡಗಿನಲ್ಲಿ, ಹಕ್ಕು ಕಾಗದದಲ್ಲಿ

ಲಿಂಗಸುಗೂರು, ಮಸ್ಕಿ ಕಡೆಯ ಹುಡುಗರು ಈಗೀಗ ರಫ್ತಿನ ಐಇಸಿ ನಂಬರು ಮಾಡಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ದುಬೈಯಲ್ಲಿ ಸೋನಾ ಮಸೂರಿಗೆ ಏನು ರೇಟು, ತೊಗರಿಬೇಳೆ ಯಾರು ಕೊಳ್ಳುತ್ತಾರೆ ಎಂದು ಕೇಳುತ್ತಾರೆ. ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್ (ಬಿಎಲ್) ಬಗ್ಗೆ ಕೇಳುವವರು ಅಪರೂಪ. ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಬಹಳ ವರ್ಷ ರಫ್ತಿನ ಕಾಗದಪತ್ರ ನೋಡಿಕೊಂಡವನಾಗಿ ನಾನು ಮೊದಲು ಎತ್ತುವುದು ಅದೇ ಮಾತನ್ನು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯವರಿಗೆ ನೆಲ್ಲು, ಅಕ್ಕಿ ಯಾರೂ ಕಲಿಸಬೇಕಾಗಿಲ್ಲ. ರೊಕ್ಕ ಮುಳುಗುವುದು ಕಾಗದದಲ್ಲಿ.

ಲಾರಿ ಬಿಲ್ಟಿ ನಮಗೆಲ್ಲ ಗೊತ್ತು. ಬೆಂಗಳೂರಿನ ವ್ಯಾಪಾರಿ ಪರಿಚಯದವನಾದರೆ ಬಿಲ್ಟಿ ಕೈಗೆ ಬರುವ ಮೊದಲೇ ಚೀಲ ಇಳಿಸಿಕೊಳ್ಳುತ್ತಾನೆ. ಬಿಎಲ್ ಹಾಗಲ್ಲ. ಅದು ಮಾಲು ಹಡಗಿಗೆ ಸೇರಿದ್ದಕ್ಕೆ ರಸೀದಿ, ಸಾಗಣೆಯ ಕರಾರಿಗೆ ಸಾಕ್ಷಿ, ಜೊತೆಗೆ ಮಾಲಿನ ಹಕ್ಕುಪತ್ರ. ಸಾಮಾನ್ಯವಾಗಿ ಮೂರು ಮೂಲಪ್ರತಿ ಕೊಡುತ್ತಾರೆ. ಒಂದನ್ನು ಒಪ್ಪಿಸಿ ಮಾಲು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆಯಿಲ್ಲ. ಹಾಗಾಗಿ ಹಣ ಬರುವ ತನಕ ಮೂರೂ ನಮ್ಮ ಕೈಯಲ್ಲೋ ಬ್ಯಾಂಕಿನಲ್ಲೋ ಇರಬೇಕು. ನಮ್ಮ ದೇಶದಲ್ಲಿ ಇದಕ್ಕೆ 1856ರ ಕಾನೂನೇ ನಡೆದುಬಂದಿತ್ತು. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ತಿರುಳು ಬದಲಾಗಿಲ್ಲ.

ನಾನು ಹೆಚ್ಚು ಹೊತ್ತು ನೋಡುವುದು ಕನ್ಸೈನಿ, ಅಂದರೆ ಮಾಲು ಪಡೆಯುವವನು, ಎಂಬ ಕಲಮನ್ನು. ಅಲ್ಲಿ ‘ಟು ಆರ್ಡರ್’ ಎಂದಿದ್ದರೆ ನಾವು ಹಿಂಬರಹ ಹಾಕಿ ಕೊಟ್ಟವರಿಗೆ ಮಾತ್ರ ಮಾಲು. ನೇರ ಖರೀದಿದಾರನ ಹೆಸರೇ ಇದ್ದರೆ ಸಂಗತಿ ಬೇರೆ. ಅಮೆರಿಕದ ಕಾನೂನಿನಲ್ಲಂತೂ ಅಂಥ ಬಿಎಲ್ ಇದ್ದಾಗ ಮೂಲಪ್ರತಿ ತೋರಿಸದಿದ್ದರೂ ಹೆಸರಿದ್ದವನಿಗೆ ಮಾಲು ಬಿಡಬಹುದು. ನಮ್ಮ ಸೋನಾ ಮಸೂರಿ ತಿನ್ನುವವರು ಅಲ್ಲಿ ಬಹಳ. ಇದನ್ನು ತಿಳಿಯದೆ ಸಾಲದ ಮೇಲೆ ಅಕ್ಕಿ ಕಳಿಸಬಾರದು.

ಒಮ್ಮೆ ರಂಜಾನ್ ಹೊತ್ತಿಗೆ ಗಲ್ಫಿನ ಒಬ್ಬ ಖರೀದಿದಾರ, ಬಾಕಿ ಹಣ ಆಮೇಲೆ, ಮೊದಲು ಟೆಲೆಕ್ಸ್ ರಿಲೀಸ್ ಕೊಡಿ ಎಂದು ದುಂಬಾಲು ಬಿದ್ದ. ಅಂದರೆ ಮೂಲಪ್ರತಿಗಳನ್ನು ನಾವು ಇಲ್ಲೇ ಹಡಗು ಕಂಪನಿಗೆ ಒಪ್ಪಿಸಿ, ಅಲ್ಲಿ ಕಾಗದವಿಲ್ಲದೆ ಮಾಲು ಬಿಡಿಸಿಕೊಡುವುದು. “ಹಳೇ ಗಿರಾಕಿ ಅದಾನ್ರಿ, ಬಿಟ್ಟುಬಿಡ್ರಿ” ಎಂದರು ಮಿಲ್ಲಿನ ಧಣಿ. “ಸಾವ್ಕಾರ್ರ, ರೊಕ್ಕ ಬ್ಯಾಂಕಿಗೆ ಬಂದ ದಿನಾನೇ ಬಿಡ್ತೀನ್ರಿ” ಎಂದೆ. ಬಂದರಿನಲ್ಲಿ ಕಂಟೇನರ್ ನಿಂತಷ್ಟು ದಿನ ಬಾಡಿಗೆ, ದಂಡ ಏರುತ್ತದೆ. ಅದರ ಬಿಸಿ ಅವನಿಗೂ ತಟ್ಟಿತು, ಹಣ ಬಂತು. ಹಳೆಯ ಗಿರಾಕಿ ಎನ್ನುವುದು ಬೆಲೆ ಇಳಿಸಲು ಕಾರಣವಾಗಬಹುದು, ಬಿಎಲ್ ಬಿಟ್ಟುಕೊಡಲು ಅಲ್ಲ.

ಬಿಎಲ್ ಮೇಲಿನ ತಾರೀಖಿನ ತೂಕ ನನಗೆ ಚೆನ್ನಾಗಿ ಅರ್ಥವಾದದ್ದು 2023ರ ಜುಲೈ 20ರಂದು. ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ಕೇಂದ್ರ ಸರ್ಕಾರ ಆವತ್ತು ನಿಷೇಧಿಸಿತು. ಅಷ್ಟರೊಳಗೆ ಹಡಗಿಗೆ ತುಂಬಲು ಶುರುವಾಗಿದ್ದ ಮಾಲಿಗೆ, ಕಸ್ಟಮ್ಸಿಗೆ ಒಪ್ಪಿಸಿ ದಾಖಲಾಗಿದ್ದ ಮಾಲಿಗೆ ವಿನಾಯಿತಿ ಇತ್ತು. ಇನ್ನೂ ದಾರಿಯಲ್ಲಿದ್ದ ಲಾರಿಗೆ ಇರಲಿಲ್ಲ. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ಕ್ಕೆ. ಆ ಗದ್ದಲದಲ್ಲಿ ಒಬ್ಬ ಏಜೆಂಟ್, ಹಿಂದಿನ ತಾರೀಖಿನ ಬಿಎಲ್ ಮಾಡಿಸಿಕೊಡುತ್ತೇನೆ ಎಂದ. ಅದು ಉಪಕಾರವಲ್ಲ, ಶುದ್ಧ ಮೋಸ. ಸಿಕ್ಕಿಬಿದ್ದರೆ ಮಿಲ್ಲಿನ ಹೆಸರೇ ಹೋಗುತ್ತದೆ. ಅವನ ಜೊತೆ ಮತ್ತೆ ವ್ಯವಹಾರ ಇಟ್ಟುಕೊಳ್ಳಲಿಲ್ಲ.

ಇನ್ನೊಂದು ಸಂಗತಿ. ಕಂಟೇನರ್ ತುಂಬಿ ಸೀಲ್ ಹಾಕುವವರು ನಾವೇ ಆದರೆ ಒಳಗೇನಿದೆ ಎಂದು ಹಡಗಿನವರು ನೋಡಿರುವುದಿಲ್ಲ. ಅದಕ್ಕೇ ಬಿಎಲ್ ಮೇಲೆ ‘ಸೆಡ್ ಟು ಕಂಟೇನ್’ ಎಂದು ಬರೆಯುತ್ತಾರೆ: ಇಷ್ಟು ಚೀಲ ಇದೆಯೆಂದು ಕಳಿಸಿದವರು ಹೇಳಿದ್ದಾರೆ, ಅಷ್ಟೇ. ನಾಳೆ ಚೀಲ ಕಡಿಮೆ ಬಂತು, ಅಕ್ಕಿ ತೊಯ್ದಿದೆ ಎಂದು ತಕರಾರು ಬಂದರೆ ತೋರಿಸಲು ಏನಾದರೂ ಬೇಕು. ಚೀಲ ಪೇರಿಸುವಾಗಿನ ಫೋಟೊ, ತೂಕದ ಚೀಟಿ, ಸೀಲ್ ನಂಬರು ಕಾಣುವ ಫೋಟೊ ಇಟ್ಟುಕೊಳ್ಳಿ ಎಂದು ಹುಡುಗರಿಗೆ ಹೇಳುತ್ತೇನೆ. ಆ ಸೀಲ್ ನಂಬರಿನಲ್ಲಿ ಒಂದಂಕಿ ತಪ್ಪಿದ್ದರೂ ಬಿಎಲ್ ಕರಡಿನಲ್ಲೇ ತಿದ್ದಿಸಿಬಿಡಬೇಕು. ಎಲ್‌ಸಿ, ಅಂದರೆ ಸರಿಯಾದ ಕಾಗದ ಒಪ್ಪಿಸಿದರೆ ಹಣ ಕೊಡುತ್ತೇನೆಂದು ಖರೀದಿದಾರನ ಬ್ಯಾಂಕು ಬರೆದುಕೊಡುವ ಪತ್ರ. ಆ ವ್ಯವಹಾರದಲ್ಲಿ ಬ್ಯಾಂಕಿನವರು ಅಕ್ಕಿ ನೋಡುವುದಿಲ್ಲ, ಕಾಗದ ನೋಡುತ್ತಾರೆ. ಎಲ್‌ಸಿಯಲ್ಲಿ ಬೇರೆ ಗಡುವು ಹೇಳದಿದ್ದರೆ ಮಾಲು ಹಡಗು ಹತ್ತಿದ 21 ದಿನದೊಳಗೆ ಕಾಗದ ಅವರ ಮೇಜಿಗೆ ಮುಟ್ಟಬೇಕು. ತಿದ್ದುಪಡಿಗೆಂದು ಹಡಗು ಕಂಪನಿಗೆ ಅಲೆಯುವ ದಿನಗಳೂ ಆ 21ರಲ್ಲೇ ಸೇರುತ್ತವೆ.