ನೋ-ಗೋ ಒಳಗೆ ಹೋದ ಲಾಟಿಗೆ ನಾನೇಕೆ ಸಹಿ ಹಾಕಲಿಲ್ಲ

ನಮ್ಮ ಸೋದರಮಾವ ಮದುವೆಯಲ್ಲೋ ಗೃಹಪ್ರವೇಶದಲ್ಲೋ ಸಿಕ್ಕಾಗ ಇವತ್ತಿಗೂ ನಾಲ್ಕು ಜನರೆದುರು ಅದೇ ಮಾತು ತೆಗೆಯುತ್ತಾರೆ: "ಬಂಗಾರದಂಥಾ ಕೆಲಸ ಕೊಡಿಸಿದ್ದೆ, ಒಂದ್ ಸಹಿ ಹಾಕಾಕ ಆಗಲಿಲ್ಲ ಈಕಿಗೆ." ಆ ಸಹಿಯ ಕಥೆಯನ್ನು ಪೂರ್ತಿ ಹೇಳಲು ಮಾತ್ರ ನನ್ನನ್ನು ಬಿಟ್ಟಿಲ್ಲ. ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೋ ಬೊಮ್ಮಸಂದ್ರಕ್ಕೋ ಹೊರಟಿರುವ ಹುಡುಗ ಹುಡುಗಿಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ. ಮಾವನೂ ಓದಲಿ.

ರಾಣೆಬೆನ್ನೂರು ಕಡೆಯವಳು ನಾನು, ಓದಿದ್ದು ಮೆಕ್ಯಾನಿಕಲ್. ಪೀಣ್ಯದ ಒಂದು ಸಿಎನ್‌ಸಿ ಶಾಪಿನ ಪ್ರೊಡಕ್ಷನ್ ಮ್ಯಾನೇಜರ್ ಮಾವನಿಗೆ ಪರಿಚಯ. ಅವರ ಮಾತಿನ ಮೇಲೆ ಕ್ವಾಲಿಟಿ ಇನ್‌ಸ್ಪೆಕ್ಷನ್‌ನಲ್ಲಿ ಕೆಲಸ ಸಿಕ್ಕಿತು. ಸೇರಿದ ದಿನವೇ ಎಸ್ಸೆಸ್ಸೆಲ್ಸಿ, ಡಿಪ್ಲೊಮಾ ಅಂಕಪಟ್ಟಿಗಳ ಒರಿಜಿನಲ್ ಇಟ್ಟುಕೊಂಡರು, ಎರಡು ವರ್ಷದ ಬಾಂಡ್ ಬರೆಸಿಕೊಂಡರು. ನಾನು ಹಿಂದೆಮುಂದೆ ನೋಡಿದಾಗ "ಎಲ್ಲಾರೂ ಕೊಡತಾರ, ನಿನ್ನದೇನು ಹೆಚ್ಚಿಂದಾ?" ಎಂದವರು ಪಕ್ಕದಲ್ಲೇ ಕೂತಿದ್ದ ಮಾವ.

ತಿಂಗಳ ಕೊನೆಯ ದಿನ. ನಾನೂರು ಬುಷ್‌ಗಳ ಲಾಟ್ ಸಂಜೆಯೊಳಗೆ ಹೋಗಬೇಕು. ಒಳವ್ಯಾಸ 25 ಮಿ.ಮೀ., ಎಚ್7 ಟಾಲರೆನ್ಸ್. ಅಂದರೆ 25.000ಕ್ಕಿಂತ ಕಡಿಮೆ ಇರಬಾರದು, 25.021 ದಾಟಬಾರದು. ಇದನ್ನು ನೋಡಲು ಪ್ಲಗ್ ಗೇಜ್ ಇದೆ. ಅದರ ಗೋ ತುದಿ ತೂತಿನೊಳಗೆ ಸಲೀಸಾಗಿ ಇಳಿಯಬೇಕು, ಕೆಂಪು ಗುರುತಿನ ನೋ-ಗೋ ತುದಿ ಬಾಯಲ್ಲೇ ನಿಲ್ಲಬೇಕು. ಬಿನ್ನಿನ ತಳದಿಂದ ಹತ್ತು ಬುಷ್ ತೆಗೆದೆ. ಮೂರರಲ್ಲಿ ನೋ-ಗೋ ಸರ್ರನೆ ಒಳಗಿಳಿಯಿತು. ಎಣ್ಣೆ ಒರೆಸಿ ಮತ್ತೆ ಹಾಕಿದೆ, ಮತ್ತೆ ಇಳಿಯಿತು. ಬೋರ್ ಗೇಜ್ ಹಾಕಿದರೆ 25.035 ತೋರಿಸಿತು. ರಾತ್ರಿ ಪಾಳಿಯಲ್ಲಿ ಇನ್ಸರ್ಟ್ ಬದಲಿಸಿದವರು ಆಫ್‌ಸೆಟ್ ಸರಿ ಮಾಡದೆ ಮಷಿನ್ ಓಡಿಸಿದ್ದರು. ಲಾಟಿಗೆ ಹೋಲ್ಡ್ ಟ್ಯಾಗ್ ಕಟ್ಟಿದೆ.

ಮ್ಯಾನೇಜರ್ ಬಂದವರೇ, "ಏನಮ್ಮಾ, ಹದಿನಾಲ್ಕು ಮೈಕ್ರಾನ್‌ಗೆ ಇಷ್ಟು ರಗಳೆನಾ? ಅಸೆಂಬ್ಲೀಲಿ ಕೂತ್ಕೊಳ್ಳುತ್ತೆ. ಸೈನ್ ಹಾಕು, ಟೆಂಪೋ ಕಾಯ್ತಿದೆ" ಎಂದರು.

"ಕಸ್ಟಮರ್ ಹತ್ರ ಡೀವಿಯೇಷನ್ ತಗೊಳ್ಳಿ ಸರ್. ಅವರು ಒಪ್ಪಿದರೆ ಅದನ್ನೇ ಬರೆದು ಕಳಿಸ್ತೀನಿ."

ಅವರು ಕಸ್ಟಮರ್‌ಗೆ ಫೋನ್ ಮಾಡಲಿಲ್ಲ, ನಮ್ಮ ಮಾವನಿಗೆ ಮಾಡಿದರು. ಐದೇ ನಿಮಿಷಕ್ಕೆ ನನ್ನ ಫೋನ್ ಬಡಿದುಕೊಂಡಿತು. "ಸಹಿ ಹಾಕಿದ್ರ ನಿಂದೇನ್ ಗಂಟು ಹೋಗತೈತಿ? ದೊಡ್ಡವರು ಹೇಳಿದ್ದು ಕೇಳಬೇಕವಾ." ಬುಷ್ ಕಂಡವರಲ್ಲ, ಗೇಜ್ ಹಿಡಿದವರಲ್ಲ, ಊರಲ್ಲಿ ಕೂತು ಲಾಟ್ ಪಾಸ್ ಮಾಡುತ್ತಿದ್ದಾರೆ! ಫೋನ್ ಇಟ್ಟು ಆಫೀಸಿನ ಕಂಪ್ಯೂಟರ್ ಮುಂದೆ ಕೂತೆ. ಪಾರ್ಟ್ ನಂಬರ್, ಲಾಟ್ ನಂಬರ್, ಮೂರು ಬುಷ್‌ಗಳ ಅಳತೆ ಬರೆದು, ನೋ-ಗೋ ಒಳಗೆ ನಿಂತಿರುವ ಫೋಟೋ ಸೇರಿಸಿ, 'ಲಾಟ್ ಹೋಲ್ಡ್ ಮಾಡಿದ್ದೇನೆ, ಮುಂದಿನ ತೀರ್ಮಾನ ತಿಳಿಸಿ' ಎಂದು ಮ್ಯಾನೇಜರ್‌ಗೂ ಮಾಲೀಕರಿಗೂ ಮೇಲ್ ಹಾಕಿ ದಾಸರಹಳ್ಳಿಯ ಪಿಜಿಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಲಾಟೂ ಇಲ್ಲ, ಟ್ಯಾಗೂ ಇಲ್ಲ.

ಕೆಲವು ವಾರಗಳ ಮೇಲೆ ಮಾಲೀಕರ ಕೋಣೆಗೆ ಕರೆ ಬಂತು. ಲಾಟ್ ಪೂರ್ತಿ ವಾಪಸ್ ಬಂದಿತ್ತು, ಜೊತೆಗೆ ಡೆಬಿಟ್ ನೋಟ್. ಒಳಗೆ ಮಾಲೀಕರು, ಮ್ಯಾನೇಜರ್, ಅಕೌಂಟೆಂಟ್. ನನಗೆ ಕೂರಲು ಯಾರೂ ಹೇಳಲಿಲ್ಲ. ಮ್ಯಾನೇಜರ್ ಇನ್‌ಸ್ಪೆಕ್ಷನ್ ರಿಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದರು. "ನೋಡಿ ಸರ್, ಇವಳೇ ಪಾಸ್ ಮಾಡಿರೋದು. ಹೊಸಬರನ್ನ ತಗೊಂಡ್ರೆ ಇದೇ ಹಣೆಬರಹ."

ಹತ್ತೂ ಸಾಲಿನಲ್ಲಿ ಚೊಕ್ಕ ಅಳತೆ: 25.010, 25.012, 25.011. ಕೆಳಗೆ ನನ್ನ ಇನಿಷಿಯಲ್. ಅದು ನನ್ನ ಕೈಬರಹವಲ್ಲ. ಕೈಕಾಲು ತಣ್ಣಗಾದವು. "ಇದು ನಾನು ಹಾಕಿದ್ದಲ್ಲ" ಎಂದೆ, ದನಿ ನನಗೇ ಕೇಳಿಸಲಿಲ್ಲ. "ಹಾಗಾದ್ರೆ ದೆವ್ವ ಬಂದು ಹಾಕ್ತಾ?" ಎಂದರು ಮ್ಯಾನೇಜರ್. ಅಕೌಂಟೆಂಟ್ ನಕ್ಕರು. ಆ ನಗು ಕೇಳಿದ ಮೇಲೆಯೇ ನನಗೆ ಮಾತು ಬಂದದ್ದು. "ಸರ್, ಅವತ್ತು ಸಂಜೆ ನಿಮಗೊಂದು ಮೇಲ್ ಹಾಕಿದ್ದೆ, ದಯವಿಟ್ಟು ತೆಗೆದು ನೋಡಿ."

ಮಾಲೀಕರು ಕನ್ನಡಕ ಏರಿಸಿ ಹುಡುಕಿದರು. ಸಿಕ್ಕಿತು. ಓದಿದರು, ಫೋಟೋ ದೊಡ್ಡದು ಮಾಡಿ ನೋಡಿದರು. ಮ್ಯಾನೇಜರ್ ಕಿಟಕಿ ಕಡೆ ತಿರುಗಿದರು. ಇನ್ನೇನು ನ್ಯಾಯ ಸಿಕ್ಕಿತು ಎಂದುಕೊಂಡೆ. ಮಾಲೀಕರು ಫೋನ್ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನೆಲ್ಲ ಮೇಲಲ್ಲಿ ಯಾಕಮ್ಮ ಹಾಕಿದೆ? ಬಾಯಲ್ಲಿ ಹೇಳಬಾರದಿತ್ತಾ?"

ಡೆಬಿಟ್ ನೋಟ್ ನನ್ನ ತಲೆಗೆ ಬರಲಿಲ್ಲ, ಅಷ್ಟೇ. ಮರುದಿನವೇ ನನ್ನನ್ನು ಪ್ಯಾಕಿಂಗ್‌ಗೆ ಹಾಕಿದರು. ರಾಜೀನಾಮೆ ಕೊಟ್ಟರೆ, ಬಾಂಡ್ ದುಡ್ಡು ಕಟ್ಟಿ ಅಂಕಪಟ್ಟಿ ಒಯ್ಯಿ ಎಂದರು. ದೂರು ಕೊಡಲು ಹೋದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ತಲೆ ಎತ್ತದೆ, "ಕೊಡುವಾಗ ನಮ್ಮನ್ನ ಕೇಳಿ ಕೊಟ್ರಾ?" ಎಂದರು. ಕೊನೆಗೆ ಪಿಜಿಯ ಅಕ್ಕನೊಬ್ಬಳು ಕೂತು ಬರೆಸಿದ ಪತ್ರವನ್ನು, ಆ ಮೇಲ್ ಪ್ರತಿ ಲಗತ್ತಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮಾಲೀಕರಿಗೆ ಕಳಿಸಿದೆ. ನನ್ನ ಇನಿಷಿಯಲ್ ಯಾರು ಹಾಕಿದ್ದೆಂದು ಪೊಲೀಸರು ಕೇಳಲಿ ಎಂಬ ಒಂದು ಸಾಲು ಅದರಲ್ಲಿತ್ತು. ಅಂಕಪಟ್ಟಿ ಬಂತು. ಬಾಂಡಿನ ಮಾತು ಮತ್ತೆ ಬರಲಿಲ್ಲ.

ಇನ್ನು ಹೊಸಬರಿಗೆ ನಾಲ್ಕು ಮಾತು.

ಒರಿಜಿನಲ್ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು ವಾಪಸ್ ತನ್ನಿ. ಡಿಜಿಲಾಕರ್‌ನಲ್ಲಿ ಬರುವ ದಾಖಲೆಗೆ ಕಾನೂನಿನಲ್ಲಿ ಒರಿಜಿನಲ್‌ನಷ್ಟೇ ಬೆಲೆ ಇದೆ, ಹಾಗೆಂದು ಹೇಳಿ.

ಬಾಂಡ್ ಬರೀ ಕಾಗದ ಎಂದು ಗೆಳೆಯರು ಹೇಳಿದರೆ ನಂಬಬೇಡಿ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಹಾಗಂತ ಬರೆದಷ್ಟೂ ಕಟ್ಟಲೇಬೇಕೆಂದೂ ಇಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಗರಿಷ್ಠ ಮಿತಿ. ಸಹಿ ಹಾಕುವ ಮುಂಚೆ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಪಿಎಫ್ ಪಾಸ್‌ಬುಕ್ ತಿಂಗಳಿಗೊಮ್ಮೆ ನೋಡಿ. ಹಿಡಿದ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕೆಂದು ನಿಯಮ. ಪೇ ಸ್ಲಿಪ್ಪಿನಲ್ಲಿ ಹಿಡಿದು ಪಾಸ್‌ಬುಕ್ಕಿನಲ್ಲಿ ಕಾಣಿಸದಿದ್ದರೆ ಅಲ್ಲೇ ಕೇಳಿ.

ಬಾಯಲ್ಲಿ ಹೇಳಿದ ಕೆಲಸವನ್ನು ಬರಹಕ್ಕೆ ಇಳಿಸಿ. ಜಗಳದ ದನಿ ಬೇಡ: 'ನೀವು ಹೇಳಿದಂತೆ ಹೀಗೆ ಮಾಡುತ್ತಿದ್ದೇನೆ' ಎಂದರೆ ಸಾಕು. ನೀವು ಮಾಡದ ಕೆಲಸದ ಕೆಳಗೆ ಮಾತ್ರ ನಿಮ್ಮ ಹೆಸರು ಬೇಡ.

ಇದೆಲ್ಲಕ್ಕಿಂತ ಮೊದಲು, ಸಂಬಳ ಬಂದ ದಿನವೇ ಚಿಕ್ಕದೊಂದು ಆರ್‌ಡಿ ಕಟ್ಟಲು ಶುರು ಮಾಡಿ. ಮನೆಯಲ್ಲಿ ಹೇಳಬೇಡಿ. ನಾನು ಅವತ್ತು 'ಆಗಲ್ಲ ಸರ್' ಎಂದದ್ದು ದೊಡ್ಡ ಧೈರ್ಯದಿಂದಲ್ಲ. ಮೂರು ತಿಂಗಳ ಪಿಜಿ ಬಾಡಿಗೆ ಪೋಸ್ಟ್ ಆಫೀಸಿನಲ್ಲಿತ್ತು, ಅದು ಮಾವನಿಗೆ ಗೊತ್ತಿರಲಿಲ್ಲ.