ಒಂದೇ ಕಿವಿಗೆ ಹಾಡುವ ವರ್ಧಕ

ಕೈಯಾರೆ ಕಟ್ಟಿದ ವಾಲ್ವ್ ವರ್ಧಕಕ್ಕೆ ವಿದ್ಯುತ್ತನ್ನು ಕೊಟ್ಟು, ವಾಲ್ವುಗಳು ಕಾದ ಮೇಲೆ ಹೆಡ್‌ಫೋನನ್ನು ಕಿವಿಗೇರಿಸುತ್ತೇವೆ. ಬಲಗಿವಿಯಲ್ಲಿ ವೀಣೆಯ ನಾದ ಸ್ಪಷ್ಟವಾಗಿದೆ, ಎಡಗಿವಿಯಲ್ಲಿ ನಿಶ್ಶಬ್ದ. ಇಂಥ ಸಮಯದಲ್ಲಿ ಹೊಸಬರು ಮೊದಲು ಹೊಸ ವಾಲ್ವನ್ನು ಕೊಳ್ಳುತ್ತಾರೆ. ಅದೂ ಫಲಿಸದಿದ್ದರೆ ಕಣ್ಣಿಗೆ ಬಿದ್ದ ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸುತ್ತಾರೆ. ಎರಡೂ ಅನಾವಶ್ಯಕ. ದೋಷದ ಸ್ಥಾನವನ್ನು ತೋರಿಸಬಲ್ಲ ಸಾಕ್ಷಿ ಪೆಟ್ಟಿಗೆಯ ಒಳಗೇ ಇದೆ. ಸರಿಯಾಗಿ ಕೆಲಸಮಾಡುತ್ತಿರುವ ಬಲಭಾಗವೇ ಆ ಸಾಕ್ಷಿ. ಎಡಭಾಗವು ಅದರ ಪ್ರತಿರೂಪವಾದುದರಿಂದ, ಎರಡನ್ನೂ ಬಿಂದುಬಿಂದುವಿನಲ್ಲಿ ಅಳೆದು ಹೋಲಿಸುತ್ತ ಹೋದರೆ ವ್ಯತ್ಯಾಸವು ತಾನಾಗಿ ಹೊರಬೀಳುತ್ತದೆ.

ವಿಷಯ ಸ್ಪಷ್ಟವಾಗಲೆಂದು ಒಂದು ನಿರ್ದಿಷ್ಟ ಮಂಡಲವನ್ನು ತೆಗೆದುಕೊಳ್ಳೋಣ. ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಒಂದು ಬಗೆಯ ವರ್ಧಕದಲ್ಲಿ ಎರಡೇ ವಾಲ್ವುಗಳು: ಮೊದಲ ಘಟ್ಟದಲ್ಲಿ ಇಸಿಸಿ 82, ಎರಡನೆಯದರಲ್ಲಿ 6080. ಇವು ಜೋಡಿ ಟ್ರಯೋಡುಗಳು. ಎಂದರೆ ಒಂದೇ ಗಾಜಿನ ಬುರುಡೆಯಲ್ಲಿ ಎರಡು ಸ್ವತಂತ್ರ ವಾಲ್ವುಗಳು. ಪ್ರತಿಯೊಂದರ ಅರ್ಧ ಎಡಗಿವಿಗೆ, ಉಳಿದರ್ಧ ಬಲಗಿವಿಗೆ. ಕಾದ ಕ್ಯಾಥೋಡಿನಿಂದ ಹೊರಟ ಎಲೆಕ್ಟ್ರಾನುಗಳು ಆನೋಡಿನ ಕಡೆಗೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿಯು ಕಾಲುವೆಯ ತೂಬಿನಂತೆ ಈ ಹರಿವನ್ನು ಹೆಚ್ಚು ಕಡಮೆ ಮಾಡುತ್ತದೆ. ಲೀ ಡಿ ಫಾರೆಸ್ಟನು 1906ರಲ್ಲಿ ಸೇರಿಸಿದ ಈ ಜಾಲರಿಯಿಂದಲೇ ವರ್ಧನೆ ಸಾಧ್ಯವಾಯಿತು. ನಮ್ಮ ಮಂಡಲದಲ್ಲಿ ಇಸಿಸಿ 82 ಸಂಕೇತವನ್ನು ಸುಮಾರು ಒಂಬತ್ತು ಪಟ್ಟು ಹಿಗ್ಗಿಸುತ್ತದೆ. ಅದರ ಆನೋಡು ನೇರವಾಗಿ 6080ರ ಗ್ರಿಡ್ಡಿಗೆ ಸೇರಿದೆ. 6080 ವೋಲ್ಟೇಜನ್ನು ಹಿಗ್ಗಿಸುವುದಿಲ್ಲ; 300 ಓಮಿನ ಹೆಡ್‌ಫೋನಿಗೆ ಬೇಕಾದ ಪ್ರವಾಹವನ್ನು 100 ಮೈಕ್ರೋಫ್ಯಾರಡ್ ಕಂಡೆನ್ಸರಿನ ಮೂಲಕ ಒದಗಿಸುತ್ತದೆ. (1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿದ್ದಿತು.)

ಮೀಟರನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಮಾತು. ಇಲ್ಲಿ 200 ವೋಲ್ಟಿನ ಏಕಮುಖ ವಿದ್ಯುತ್ತಿದೆ; ಪ್ರಾಣಾಪಾಯಕ್ಕೆ ಇಷ್ಟು ಸಾಕು. ಪ್ಲಗ್ಗನ್ನು ಕಿತ್ತರೂ ಸೋಸುವ ಕಂಡೆನ್ಸರುಗಳು ಆವೇಶವನ್ನು ಹಿಡಿದಿಟ್ಟಿರುತ್ತವೆ. 100 ಮೈಕ್ರೋಫ್ಯಾರಡಿನ ಕಂಡೆನ್ಸರಿಗೆ ಅಡ್ಡಲಾಗಿ 220 ಕಿಲೋ-ಓಮಿನ ರೋಧಕವಿದ್ದರೆ ಕಾಲಸ್ಥಿರಾಂಕ 22 ಸೆಕೆಂಡು. ಅದರ ಐದರಷ್ಟು, ಎಂದರೆ ಸುಮಾರು ಎರಡು ನಿಮಿಷ ಕಳೆದ ಮೇಲೆ 200 ವೋಲ್ಟು ಒಂದೂವರೆಗಿಂತ ಕೆಳಗಿಳಿಯುತ್ತದೆ. ಆ ರೋಧಕವೇ ಮುರಿದಿರಲೂಬಹುದಾದ್ದರಿಂದ ಮೀಟರಿನಿಂದ ಅಳೆದು ನೋಡದೆ ಕೈ ಹಾಕಕೂಡದು. ವಿದ್ಯುತ್ತು ಇರುವಾಗ ಅಳೆಯಬೇಕಾದಲ್ಲಿ ಮೀಟರಿನ ಋಣ ತಂತಿಯನ್ನು ಕ್ಲಿಪ್ಪಿನಿಂದ ಚಾಸಿಗೆ ಮೊದಲೇ ಕಚ್ಚಿಸಿ, ಒಂದೇ ಕೈಯಿಂದ ಕೆಲಸಮಾಡಬೇಕು. ಇನ್ನೊಂದು ಕೈ ಬೆನ್ನ ಹಿಂದಿರಲಿ. ಹೆಡ್‌ಫೋನನ್ನು ತೆಗೆದಿಟ್ಟು ಅದರ ಸ್ಥಾನದಲ್ಲಿ 300 ಓಮಿನ ರೋಧಕವನ್ನು ಹಾಕಬೇಕು. ವಿದ್ಯಾರ್ಥಿಗಳು ಈ ಕೆಲಸವನ್ನು ಒಂಟಿಯಾಗಿ ಮಾಡದೆ ತಿಳಿದವರೊಬ್ಬರ ಎದುರಿನಲ್ಲಿಯೇ ಮಾಡತಕ್ಕದ್ದು.

ಪೆಟ್ಟಿಗೆಯನ್ನು ತೆರೆಯುವ ಮುಂಚೆಯೇ ಕೆಲವು ಶಂಕೆಗಳನ್ನು ನಿವಾರಿಸಿಕೊಳ್ಳಬಹುದು. ಹೆಡ್‌ಫೋನನ್ನು ಬೇರೊಂದು ಯಂತ್ರಕ್ಕೆ ಹಾಕಿ ನೋಡಿದರೆ ಅದರ ಗುಣ ತಿಳಿಯುತ್ತದೆ. ಒಳಬರುವ ಎಡ ಬಲ ತಂತಿಗಳನ್ನು ಅದಲುಬದಲು ಮಾಡಿದಾಗ ಮೌನವೂ ಬಲಗಿವಿಗೆ ಸರಿದರೆ ದೋಷ ಹೊರಗಿನದು. ಎಡಗಿವಿಯಲ್ಲಿಯೇ ಉಳಿದರೆ ವರ್ಧಕದೊಳಗಿನದು. ಇನ್ನು, ಎರಡು ಭಾಗಗಳಿಗೂ ಸಮಾನವಾದ ಟ್ರಾನ್ಸ್‌ಫಾರ್ಮರು, ರೆಕ್ಟಿಫಯರು, ಸೋಸುವ ಕಂಡೆನ್ಸರು ಇವು ನಿರಪರಾಧಿಗಳು. ಇಲ್ಲವಾದರೆ ಬಲಗಿವಿಯೂ ಮೂಕವಾಗಬೇಕಾಗಿತ್ತು.

ಈಗ ಬಲಭಾಗವನ್ನು ಅಳೆಯೋಣ. ಇಸಿಸಿ 82ರ ಕ್ಯಾಥೋಡಿನಲ್ಲಿ 3.3 ವೋಲ್ಟು. ಕ್ಯಾಥೋಡು ರೋಧಕ 1.5 ಕಿಲೋ-ಓಮ್, ಆದುದರಿಂದ ಓಮನ ನಿಯಮದಂತೆ ಪ್ರವಾಹ 2.2 ಮಿಲಿಆಂಪೇರು. ಇದೇ ಪ್ರವಾಹ ಆನೋಡಿನ 47 ಕಿಲೋ-ಓಮಿನ ಮೂಲಕವೂ ಹರಿಯುವುದರಿಂದ ಅಲ್ಲಿ 103 ವೋಲ್ಟು ಕಳೆದು, ಆನೋಡಿನಲ್ಲಿ 97 ವೋಲ್ಟು ಉಳಿಯಬೇಕು. ಮೀಟರು ತೋರಿಸುವುದೂ ಅಷ್ಟೆ. 6080ರ ಕ್ಯಾಥೋಡಿನಲ್ಲಿ 120 ವೋಲ್ಟು. ಅದರ ರೋಧಕ 3 ಕಿಲೋ-ಓಮ್, ಪ್ರವಾಹ 40 ಮಿಲಿಆಂಪೇರು.

ಎಡಭಾಗದಲ್ಲಿ ಸಿಕ್ಕಿದ ಅಳತೆ ಹೀಗಿದೆಯೆನ್ನೋಣ: ಇಸಿಸಿ 82ರ ಕ್ಯಾಥೋಡಿನಲ್ಲಿ ಸೊನ್ನೆ, ಆನೋಡಿನಲ್ಲಿ 175 ವೋಲ್ಟು, 6080ರ ಕ್ಯಾಥೋಡಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಐದು ವಾಟಿಗೂ ಕಡಮೆ ಶಾಖವನ್ನು ಸಹಿಸುತ್ತಿದ್ದ 3 ಕಿಲೋ-ಓಮಿನ ರೋಧಕವು ಈಗ ಹತ್ತು ವಾಟನ್ನು ಹೊತ್ತು ಸುಡುತ್ತಿದೆ. ಇದನ್ನು ಕಂಡವರು 6080ಯ ಮೇಲೆಯೇ ಅಪವಾದ ಹೊರಿಸುವುದು ಸಹಜ. ಆದರೆ ಅದು ತನ್ನ ಗ್ರಿಡ್ಡು ಹೇಳಿದಂತೆ ನಡೆಯುತ್ತಿದೆ, ಅಷ್ಟೆ. ಮೊದಲ ವಾಲ್ವಿನ ಎಡ ಅರ್ಧದಲ್ಲಿ ಪ್ರವಾಹವೇ ಇಲ್ಲದ್ದರಿಂದ 47 ಕಿಲೋ-ಓಮಿನಲ್ಲಿ ವೋಲ್ಟೇಜು ಇಳಿಯಲಿಲ್ಲ. ಆನೋಡು ಮೇಲೇರಿತು, ಅದಕ್ಕೆ ಕಟ್ಟಿಬಿದ್ದ 6080ಯೂ ಏರಿತು. ಪೂರ್ತಿ 200ಕ್ಕೆ ಏರದಿರುವುದಕ್ಕೆ ಕಾರಣ, ಆ ಸ್ಥಿತಿಯಲ್ಲಿ 6080ರ ಗ್ರಿಡ್ಡು ತಾನೇ ಸ್ವಲ್ಪ ಪ್ರವಾಹವನ್ನು ಸೆಳೆಯತೊಡಗುವುದು. ರೋಧಕ ಕರಕಲಾಗುವ ಮೊದಲು ಅಳತೆಗಳನ್ನು ಬರೆದುಕೊಂಡು ಸ್ವಿಚ್ಚನ್ನು ಆರಿಸುವುದು ಒಳ್ಳೆಯದು.

ಪ್ರವಾಹ ಏಕೆ ನಿಂತಿತು? ಕ್ಯಾಥೋಡು ರೋಧಕ ಮುರಿದಿದ್ದರೆ ಕ್ಯಾಥೋಡು ಸೊನ್ನೆಯಲ್ಲಿರುತ್ತಿರಲಿಲ್ಲ. ಹತ್ತು ವೋಲ್ಟನ್ನೂ ಮೀರಿ ಏರುತ್ತಿತ್ತು. ಸೊನ್ನೆಯೆಂದರೆ ಎಲೆಕ್ಟ್ರಾನುಗಳು ಹೊರಡುತ್ತಲೇ ಇಲ್ಲ, ಅಥವಾ ಆ ಕಾಲು ಸಾಕೆಟ್ಟಿಗೆ ತಾಗಿಲ್ಲ. ಕೋಣೆಯನ್ನು ಕತ್ತಲೆ ಮಾಡಿ ವಾಲ್ವನ್ನು ನೋಡಿರಿ. ಇಸಿಸಿ 82ರಲ್ಲಿ ಎರಡು ಕಾವುತಂತಿಗಳಿವೆ. 4 ಮತ್ತು 5ನೆಯ ಕಾಲುಗಳು ಅವುಗಳ ಎರಡು ತುದಿ, 9ನೆಯದು ನಡುಬಿಂದು. 12.6 ವೋಲ್ಟಿಗೆ ಸರಣಿಯಲ್ಲಿ ಕಟ್ಟಿದ್ದರೆ ಒಂದು ತುಂಡಾದಾಗ ಎರಡೂ ಆರುತ್ತವೆ, ಎರಡು ಕಿವಿಗಳೂ ಮೌನ. 6.3 ವೋಲ್ಟಿಗೆ 4 ಮತ್ತು 5ನ್ನು ತಂತಿಯಿಂದ ಜೋಡಿಸಿ ಕಟ್ಟಿದ್ದರೆ ಮಾತ್ರ ಒಂದರ್ಧ ಕೆಂಪಾಗಿ, ಇನ್ನೊಂದರ್ಧ ಕಪ್ಪಾಗಿ ಉಳಿಯಲು ಸಾಧ್ಯ. ಹಾಗೆ ಕಂಡರೆ 9ರಿಂದ 4ಕ್ಕೂ, 9ರಿಂದ 5ಕ್ಕೂ ಪರ್ಯಾಯ ವೋಲ್ಟೇಜನ್ನು ಅಳೆಯಿರಿ. ಎರಡರಲ್ಲಿಯೂ 6.3 ಇದ್ದು ಅರ್ಧ ಕಪ್ಪಾಗಿದ್ದರೆ ವಾಲ್ವು ಅಥವಾ ಸಾಕೆಟ್ಟಿನ ಹಿಡಿತ ಕೆಟ್ಟಿದೆ. ಒಂದರಲ್ಲಿ ಸೊನ್ನೆಯಾದರೆ ಜೋಡುತಂತಿಯ ಬೆಸುಗೆ ಹಿಡಿದಿಲ್ಲ. ಮೀಟರಿನ ಮೊನೆಯನ್ನು ಒತ್ತಿದ ಕೂಡಲೆ ವಾಲ್ವು ಬೆಳಗಲಾರಂಭಿಸಿದರೆ ಅದೂ ಒಂದು ಉತ್ತರವೇ: ಒತ್ತಡದಿಂದ ಕೂಡಿಕೊಳ್ಳುವ ಬೆಸುಗೆ ಒಣಬೆಸುಗೆ.

ಅಳತೆ ಬೇರೆಯಾದರೆ ತೀರ್ಪೂ ಬೇರೆ. ಇಸಿಸಿ 82ರ ಆನೋಡು, ಕ್ಯಾಥೋಡು ಎರಡೂ ಸೊನ್ನೆಯಾಗಿದ್ದರೆ 47 ಕಿಲೋ-ಓಮಿನ ರೋಧಕ ಮುರಿದಿದೆ.

ಎಡ ಬಲಗಳ ಏಕಮುಖ ವೋಲ್ಟೇಜುಗಳೆಲ್ಲ ಒಂದೇ ಆಗಿದ್ದೂ ಮೌನವಿದ್ದರೆ ವಾಲ್ವುಗಳನ್ನು ಮರೆತು ಸಂಕೇತದ ದಾರಿಯನ್ನು ಹಿಡಿಯಬೇಕು. ಹಳಬರು ಗ್ರಿಡ್ಡಿನ ಕಾಲನ್ನು ಬೆರಳಿನಿಂದ ಮುಟ್ಟಿ ಗುಂಯ್‌ಗುಡುವ ಸದ್ದನ್ನು ಕೇಳುತ್ತಿದ್ದುದುಂಟು. ಇದು ನಮಗೆ ಸಮ್ಮತವಲ್ಲ: 2ನೆಯ ಕಾಲು ಗ್ರಿಡ್ಡಾದರೆ ಅದರ ಪಕ್ಕದ 1ನೆಯದೇ ಆನೋಡು. ಬದಲಾಗಿ 50 ಸೈಕಲ್ಲಿನ ಸ್ವರವನ್ನು ಒಳಕ್ಕೆ ಕೊಟ್ಟು, ಮೀಟರನ್ನು ಪರ್ಯಾಯ ಶ್ರೇಣಿಗೆ ತಿರುಗಿಸಿ, 400 ವೋಲ್ಟು ತಡೆಯುವ 0.1 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಅದರ ಧನ ತಂತಿಯಲ್ಲಿ ಸೇರಿಸಿ, ಸಂಕೇತವನ್ನು ಹಿಂಬಾಲಿಸಿರಿ. ಗ್ರಿಡ್ಡಿನಲ್ಲಿ 0.2 ವೋಲ್ಟಿದ್ದರೆ ಆನೋಡಿನಲ್ಲಿ ಸುಮಾರು 1.8 ಇರಬೇಕು. ಗ್ರಿಡ್ಡಿನಲ್ಲಿಯೇ ಇಲ್ಲವಾದರೆ ಧ್ವನಿ ನಿಯಂತ್ರಕ ಅಥವಾ ಒಳಬರುವ ತಂತಿ. 6080ರ ಕ್ಯಾಥೋಡಿನವರೆಗೆ ಬಂದು ಮುಂದೆ ಮಾಯವಾದರೆ ಹೊರಹೋಗುವ ಕಂಡೆನ್ಸರು ಅಥವಾ ಹೆಡ್‌ಫೋನಿನ ಜ್ಯಾಕು.

ದೋಷವನ್ನು ತಿದ್ದಿದ ಬಳಿಕ ಹೆಡ್‌ಫೋನನ್ನು ಒಡನೆ ಹಾಕಬಾರದು. 300 ಓಮಿನ ರೋಧಕ ಇನ್ನೂ ಜ್ಯಾಕಿನಲ್ಲಿರುವಂತೆಯೇ, ವಾಲ್ವುಗಳು ಕಾದು ಒಂದೆರಡು ನಿಮಿಷವಾದ ಮೇಲೆ, ಎರಡು ಕಡೆಯೂ ಏಕಮುಖ ವೋಲ್ಟೇಜನ್ನು ಅಳೆಯಿರಿ. ಸೊನ್ನೆಯ ಸಮೀಪ ನಿಂತರೆ ಸರಿ. ಕೆಲವು ವೋಲ್ಟು ಕಂಡರೆ ಹೊರಹೋಗುವ ಕಂಡೆನ್ಸರು ಸೋರುತ್ತಿದೆ. ಅದನ್ನು ಬದಲಾಯಿಸುವವರೆಗೆ ಹೆಡ್‌ಫೋನು ಮೇಜಿನ ಮೇಲೆಯೇ ಇರಲಿ.